ಸಬ್‌ಮರೀನ್ ಹಿಡಿಯಲು ಹೋದ ಹಂಡೆ

ಅಂಗಡಿಯ ಮುಂದೆ ಒಂದು ಬೆಂಚು ಹಾಕಿಟ್ಟರೆ ಸಾಕು, ಇಂಥವು ನಡೆಯುತ್ತಲೇ ಇರುತ್ತವೆ; ಯಾರೂ ಕರೆಯಬೇಕಾಗಿಲ್ಲ. ನನ್ನದು ಸಡಾ ಗುಡ್ಡದ ಮೇಲೆ ಕಿರಾಣಿ ಅಂಗಡಿ. ನಮ್ಮಪ್ಪ ಧಾರವಾಡದಿಂದ ಗೋವಾಕ್ಕೆ ಬಂದು ಇಟ್ಟದ್ದು. ಬೆಂಚಿನ ಮೇಲೆ ಕೂತರೆ ಕೆಳಗೆ ಬಂದರು, ಕ್ರೇನುಗಳು, ಸರತಿ ಕಾಯುವ ಹಡಗುಗಳು, ಅದರಾಚೆ ಸಮುದ್ರ, ಎಲ್ಲ ಕಾಣುತ್ತದೆ. ಅಷ್ಟೆಲ್ಲ ಕಂಡ ಮೇಲೆ ಮನುಷ್ಯ ಸುಮ್ಮನೆ ಕೂರುತ್ತಾನೆಯೆ? ಈ ಬೆಂಚಿನ ಮೇಲೆ ಕೂತವರು ಎಷ್ಟೋ ಸರಕಾರ ಬೀಳಿಸಿದ್ದಾರೆ, ಎಷ್ಟೋ ಕ್ರಿಕೆಟ್ ಪಂದ್ಯ ಗೆಲ್ಲಿಸಿದ್ದಾರೆ. ಆದರೆ ವೈರಿಯ ಸಬ್‌ಮರೀನ್ ಹಿಡಿಯುತ್ತೇನೆ ಎಂದು ಬೆಂಚಿನಿಂದ ಎದ್ದೇ ಹೋದವನು ಒಬ್ಬನೇ, ನಮ್ಮ ವೆಲ್ಡಿಂಗ್ ಮೇಸ್ತ್ರಿ.

ಮೇಸ್ತ್ರಿ ವಿಜಯಪುರದ ಕಡೆಯವನು. ಹಡಗು ರಿಪೇರಿ ಮಾಡುವಲ್ಲಿ ಕೆಲಸ. ಸಡಾದಲ್ಲಿ ಮುರಿದ ಗೇಟು, ಕುರ್ಚಿ, ಸೈಕಲ್ಲು, ಕುಕ್ಕರಿನ ಹಿಡಿಕೆ ಎಲ್ಲ ಅವನ ಕೈಯಲ್ಲೇ ಕೂಡಿಕೊಂಡಿವೆ. ಅವನ ತಲೆಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ನಕ್ಕಿದ್ದೇನೆ, ನಿಜ. ಆದರೆ ನಗುವಾಗಲೂ ಗೌರವ ಕಡಿಮೆ ಮಾಡಿಲ್ಲ.

ಹೆಚ್ಚಿನ ಕಿವಿ

ಆ ಬೇಸಿಗೆಯಲ್ಲಿ ಗಡಿಯಲ್ಲಿ ಗಲಾಟೆ ಶುರುವಾಗಿತ್ತು. ಟಿವಿ ಹಚ್ಚಿದರೆ ಸೈರನ್, ಹೊರಗೆ ಬಂದರೆ ತಾಲೀಮಿನ ಸೈರನ್. ದೋಣಿಯವರಿಗೆ ದೂರ ಹೋಗಬೇಡಿ ಎಂದು ತಾಕೀತಾಗಿತ್ತು. ಬೆಂಚಿನ ಮೇಲೆ ಎಲ್ಲರೂ ಕತ್ತೆತ್ತಿ ಆಕಾಶ ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ಸಮುದ್ರ ನೋಡುತ್ತಿದ್ದ.

"ಎಲ್ಲಾರೂ ಮ್ಯಾಲ ನೋಡಾಕತ್ತೀರಿ. ತೆಳಗ ನೋಡವ್ರು ಯಾರು? ವೈರಿ ಸಬ್‌ಮರೀನ್ ತಗೊಂಡು ನೀರಾಗ ಬಂದ್ರ?" ಎಂದ.

"ಅದಕ್ಕ ನೌಕಾದಳ ಐತಲ್ರಿ ಮೇಸ್ತ್ರಿ," ಎಂದೆ ನಾನು.

"ಐತಿ, ಯಾರು ಇಲ್ಲ ಅಂದ್ರು? ಅವರಿಗೆ ಕಿವಿ ಅದಾವ. ಅವರ ಜೋಡಿ ನಮ್ಮದೊಂದು ಹೆಚ್ಚಿನ ಕಿವಿ ಇದ್ರ ತಪ್ಪೇನ್ರಿ ಸಾವ್ಕಾರ್ರ?"

ತಪ್ಪು ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಅಂಥ ದಿನಗಳವು.

ಅವನ ವಿಚಾರ ಹೀಗಿತ್ತು. ಖಾಲಿ ಹಂಡೆಯೊಳಗೆ ತಲೆ ಹಾಕಿ ಕೂಗಿದರೆ ದನಿ ದೊಡ್ಡದಾಗುತ್ತದೆ. ಹಾಗಾದರೆ ಹಂಡೆಯನ್ನು ಬೋರಲು ಮಾಡಿ ನೀರಿಗಿಳಿಸಿದರೆ ನೀರಿನ ಸದ್ದೆಲ್ಲ ಅದರೊಳಗೆ ಬಂದು ತುಂಬಬೇಕು. ಹಂಡೆಯೊಳಗಿನಿಂದ ಒಂದು ಪ್ಲಾಸ್ಟಿಕ್ ಪೈಪು ಮೇಲಕ್ಕೆ ತಂದು ಕಿವಿಗೆ ಹಿಡಿದರೆ ವೈರಿಯ ಎಂಜಿನ್ನು ಕೇಳದೆ ಎಲ್ಲಿ ಹೋಗುತ್ತದೆ? ಕೇಳಿದವರು ಯಾರಾದರೂ ಒಪ್ಪಿಕೊಳ್ಳಬೇಕು, ಹಾಗಿತ್ತು.

ಹಂಡೆ ಮಾತ್ರ ಅವನದಲ್ಲ, ಅವನ ಹೆಂಡತಿಯದು. ಅವರನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ. ಅವರ ಅವ್ವ ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ ಅದು. ಹೊಸದಾಗಿ ಸಂಸಾರ ಹೂಡಲು ಗೋವಾಕ್ಕೆ ಬರುವಾಗ ಬಸ್ಸಿನಲ್ಲಿ ವೈನಿಯ ಪಕ್ಕದ ಸೀಟಿನಲ್ಲಿ ಹಂಡೆ ಕೂತಿತ್ತಂತೆ, ಮೇಸ್ತ್ರಿ ನಿಂತುಕೊಂಡು ಬಂದಿದ್ದನಂತೆ. ಅಂಥ ಹಂಡೆಯನ್ನು ಮೇಸ್ತ್ರಿ "ತಳದಾಗ ನೆಗ್ಗೈತಿ, ತೆಗಸ್ಕೊಂಡು ಬರ್ತೇನಿ" ಎಂದು ಹೇಳಿ ಹೊತ್ತುಕೊಂಡು ಬಂದ.

ಬಂದರಿನ ಕಡೆ ಸುಳಿಯುವಂತಿರಲಿಲ್ಲ. ಗುಡ್ಡದ ಇನ್ನೊಂದು ಮಗ್ಗುಲಿನಲ್ಲಿ ಬಂಡೆಗಳ ನಡುವೆ ಒಂದು ಸಣ್ಣ ಜೆಟ್ಟಿ ಇದೆ. ಅಲ್ಲಿಂದ ಮೇಸ್ತ್ರಿಯ ಗೆಳೆಯ ಒಬ್ಬ ಹೋಡಿ ಬಿಡುತ್ತಾನೆ. ಹೋಡಿ ಎಂದರೆ ಮೀನಿನ ಸಣ್ಣ ದೋಣಿ. ಕೊಂಕಣಿಯವನು, ಎಲ್ಲರೂ ತಾಂಡೇಲ ಎನ್ನುತ್ತಾರೆ. ಸಡಾದವರ ಸಹವಾಸದಲ್ಲಿ ಕನ್ನಡ ಕಲಿತಿದ್ದಾನೆ, ಆದರೂ ಮೇಸ್ತ್ರಿಯನ್ನು ಕರೆಯುವುದು ಪಾತ್ರಾಂವ್, ಧಣಿ ಎಂದೇ. ಹೋಡಿಯಲ್ಲಿ ಅವನು, ಮೇಸ್ತ್ರಿ, ಸಾಕ್ಷಿಗೆಂದು ನಾನು.

ಹಂಡೆಯ ಕೊರಳಿಗೆ ಹಗ್ಗ, ಹಗ್ಗಕ್ಕೆ ಭಾರಕ್ಕೆಂದು ಕಬ್ಬಿಣದ ತುಂಡು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಪೈಪು ಹಿಡಿದು ಮೇಸ್ತ್ರಿ ಮೆಲ್ಲಗೆ ಇಳಿಬಿಟ್ಟ. ಪೈಪನ್ನು ಕಿವಿಗಿಟ್ಟುಕೊಂಡ. ಮುಖ ಬಿಗಿಯಾಯಿತು.

"ಗುಡುಗುಡು ಅನ್ನಾಕತ್ತೈತಿ," ಎಂದ ಪಿಸುದನಿಯಲ್ಲಿ. "ಎಂಜಿನ್ ಐತ್ರಿ! ಸನೇಕ ಬಂತು... ಭಾಳ ಸನೇಕ ಬಂತು... ಸಿಕ್ತೂ!"

ಸಿಕ್ಕಿತು ಎನ್ನುತ್ತ ಎರಡೂ ಕೈ ಮೇಲೆತ್ತಿದ. ಹಗ್ಗ ಸರ್ರನೆ ನೀರಿಗೆ ಹೋಯಿತು, ಪೈಪೂ ಹೋಯಿತು. ಆ ಗುಡುಗುಡು ಹಂಡೆಯೊಳಗಿನ ಗಾಳಿ ಹೊರಬಿದ್ದು ನೀರು ತುಂಬುವ ಸದ್ದು ಎಂದು ನನಗೂ ಮೇಸ್ತ್ರಿಗೂ ಒಟ್ಟಿಗೇ ತಿಳಿಯಿತು. ತಾಂಡೇಲನಿಗೆ ಸ್ವಲ್ಪ ತಡವಾಗಿ ತಿಳಿಯಿತೆಂದು ಕಾಣುತ್ತದೆ, ಅವನು ನೀರಿನ ಕಡೆ ಬಗ್ಗಿ ನೋಡುತ್ತ ಕೇಳಿದ:

"ಪಾತ್ರಾಂವ್, ಸಬ್‌ಮರೀನ್ ಖಂಯ್? ಎಲ್ಲಿ?"

ಮೇಸ್ತ್ರಿ ಎತ್ತಿದ ಕೈ ಇಳಿಸದೆ ಹೇಳಿದ: "ಈಗ ತೆಳಗ ಹೋತಲ್ಲೋ, ಅದ."

ತುಳಸಿಗೆ ಸಕ್ಕರೆ

ಅಲ್ಲಿಯ ನೀರು ಕೆಸರು, ಮುಳುಗಿದವನಿಗೆ ಅವನ ಕೈಯೇ ಕಾಣುವುದಿಲ್ಲ. ತಾಂಡೇಲ ಬಲೆ ಎಳೆದ, ಗಾಳ ಎಳೆದ, ಹಂಡೆ ಸಿಗಲಿಲ್ಲ. ವೈನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಕೈ ಎತ್ತಿದ್ದರಿಂದ ಹಿಡಿದು ಎಲ್ಲ ಹೇಳಿದೆ. ವೈನಿ ಬೈಯಲಿಲ್ಲ, ಅಳಲಿಲ್ಲ. ನೇರವಾಗಿ ಬಾಗಿಲ ಮುಂದಿನ ತುಳಸಿಯ ಹತ್ತಿರ ಹೋಗಿ ನಿಂತರು. ಮೇಸ್ತ್ರಿ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ.

"ತುಳಸವ್ವಾ," ಎಂದರು, "ನೀರ ತುಂಬೂ ಹಬ್ಬದ ದಿನ ನಮ್ಮವ್ವನ ಹಂಡೆ ನಮ್ಮ ಒಲಿ ಮ್ಯಾಲ ಇರಬೇಕು. ಪ್ಲಾಸ್ಟಿಕ್ ಬಕೀಟಿಗೆ ಪೂಜಿ ಮಾಡೂ ಪಾಳಿ ನಮ್ಮ ಮನಿತನದಾಗ ಯಾರಿಗೂ ಬಂದಿಲ್ಲ. ಹಂಡೆ ಬರೂತನಕ ನನಗೂ ಈ ಮನಷ್ಯಾಗೂ ಮಾತಿಲ್ಲ."

ದೀಪಾವಳಿಯ ಮೊದಲ ಸಂಜೆ ನಮ್ಮ ಕಡೆ ಹಂಡೆಯನ್ನು ತಿಕ್ಕಿ ಬೆಳಗಿ, ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟಿ ಬರೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ಬೆಳಗಿನ ಎಣ್ಣೆಸ್ನಾನ ಅದೇ ನೀರಿನಿಂದ. ಗೋವಾಕ್ಕೆ ಬಂದ ಮೇಲೆ ಎಷ್ಟೋ ಪದ್ಧತಿ ಬಿಟ್ಟುಹೋದವು, ವೈನಿ ಇದೊಂದನ್ನು ಬಿಟ್ಟಿರಲಿಲ್ಲ. ಅವ್ವ ತೀರಿಹೋದ ಮೇಲಂತೂ ಆ ಸಂಜೆ ಅವ್ವನೇ ಬಂದಂತೆ, ಎಂದು ಒಮ್ಮೆ ನನ್ನ ಮುಂದೆ ಹೇಳಿದ್ದರು. ಆದ್ದರಿಂದ ವೈನಿಯ ಮೌನ ಹುಡುಗಾಟದ್ದಾಗಿರಲಿಲ್ಲ.

ಮಾತು ಬಿಟ್ಟರೇ ಹೊರತು ರೊಟ್ಟಿ ಬಿಡಲಿಲ್ಲ. ಹೊತ್ತು ಹೊತ್ತಿಗೆ ಬಿಸಿರೊಟ್ಟಿ, ಪಲ್ಯ, ಚಹಾ ಎಲ್ಲ ಬರುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಮಾತ್ರ ನನ್ನ ಅಂಗಡಿಯವರೆಗೆ ಕೇಳುತ್ತಿತ್ತು. ಹೇಳಬೇಕಾದದ್ದಿದ್ದರೆ ವೈನಿ ತುಳಸಿಗೆ ಹೇಳುವುದು, ಮೇಸ್ತ್ರಿಯೂ ತುಳಸಿಗೇ ಉತ್ತರ ಕೊಡುವುದು.

ಒಂದು ದಿನ ನಾನು ಹೋದಾಗ ಮೇಸ್ತ್ರಿ ಚಹಾ ಗುಟುಕರಿಸಿ ತುಳಸಿಯ ಕಡೆ ತಿರುಗಿ, "ತುಳಸವ್ವಾ, ಇವತ್ತ ಸಕ್ರಿ ಯಾಕೋ ಕಡಿಮಿ ಆಗೇತಿ," ಎಂದ. ಒಳಗಿನಿಂದ ವೈನಿ ಸಕ್ಕರೆ ಡಬ್ಬಿ ತಂದರು. ಒಂದು ಚಮಚ ತುಂಬ ತೆಗೆದರು. ತುಳಸಿಯ ಬುಡಕ್ಕೆ ಹಾಕಿ ಒಳಗೆ ಹೋದರು.

ಹೋಡಿ ಹಿಡಿದ ಹೋಡಿ

ಬೇರೆ ಗಂಡಸಾಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದ. ಮೇಸ್ತ್ರಿಗೆ ಈಗ ಹುಡುಕಬೇಕಾದ್ದು ಎರಡಾಯಿತು: ವೈರಿಯ ಸಬ್‌ಮರೀನು, ಹೆಂಡತಿಯ ಹಂಡೆ. "ಎಲ್ಡೂ ನೀರಿನ ಬುಡಕ ಅದಾವ, ಎಲ್ಡೂ ಸಿಗವಲ್ವು. ಒಂದ ಹಿಕಮತ್ತಿನಾಗ ಎಲ್ಡೂ ಕೆಲಸ ಆಗ್ತಾವ," ಎಂದ.

ಗುಜರಿ ಅಂಗಡಿಯಿಂದ ಹಳೆಯ ಸ್ಪೀಕರುಗಳನ್ನು ತಂದು, ಒಡೆದು, ಅದರೊಳಗಿನ ಅಯಸ್ಕಾಂತಗಳನ್ನೆಲ್ಲ ಒಂದು ಕಬ್ಬಿಣದ ಚೌಕಟ್ಟಿಗೆ ಕೂಡಿಸಿದ. ನೀರಿನಲ್ಲಿ ಎಳೆದುಕೊಂಡು ಹೋದರೆ ಸಬ್‌ಮರೀನು ಬಂದು ಅಂಟಬೇಕು.

"ಅಲ್ರಿ, ಹಂಡೆ ತಾಮ್ರದ್ದು. ಅಯಸ್ಕಾಂತಕ್ಕ ತಾಮ್ರ ಅಂಟತೈತೇನ್ರಿ?" ಎಂದೆ.

ಮೇಸ್ತ್ರಿ ಇನ್ನೊಂದು ಅಯಸ್ಕಾಂತ ಕೂಡಿಸಿದ. "ಹಂಡಿಗೆ ಕಟ್ಟಿದ ಕಬ್ಬಿಣದ ತುಂಡ ಅಂಟತೈತ್ರಿ ಸಾವ್ಕಾರ್ರ," ಎಂದ. ಇಂಥ ಉತ್ತರಕ್ಕೇ ನಾನು ಅವನಿಗೆ ಕೈ ಮುಗಿಯುವುದು.

ಚೌಕಟ್ಟು ನೀರಿಗಿಳಿದು ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. "ಸಿಕ್ತು" ಎಂದು ಮೇಸ್ತ್ರಿ ಜಗ್ಗಿದ, ನಾನೂ ಜಗ್ಗಿದೆ. ಅಲ್ಲಾಡಲಿಲ್ಲ. ತಾಂಡೇಲ ಎಂಜಿನ್ ಜೋರು ಮಾಡಿದ. ಹೋಡಿ ಮುಂದೆ ಹೋಗುವ ಬದಲು ಗರಗರ ಒಂದೇ ಕಡೆ ತಿರುಗತೊಡಗಿತು. "ಭಾರೀ ಶಕ್ತಿ ಐತ್ರಿ ವೈರಿದು!" ಎಂದು ಮೇಸ್ತ್ರಿ ಕೂಗಿದ. ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ. ತಾಂಡೇಲ ಹಿಂದೆ ಬಗ್ಗಿ ನೋಡಿ ಎಂಜಿನ್ ಆರಿಸಿದ. ಚೌಕಟ್ಟು ಹೋಗಿ ನಮ್ಮದೇ ಹೋಡಿಯ ಚುಕ್ಕಾಣಿಯ ಕಬ್ಬಿಣದ ಪಟ್ಟಿಗೆ ಅಂಟಿಕೊಂಡು, ಚುಕ್ಕಾಣಿಯನ್ನು ಒಂದೇ ಕಡೆ ಎಳೆದು ಹಿಡಿದಿತ್ತು.

ಅದನ್ನು ಬಿಡಿಸಲು ಮೂರು ಜನ ಸಾಲಲಿಲ್ಲ, ದಡದಿಂದ ಜನ ಕರೆಯಬೇಕಾಯಿತು. ತನ್ನನ್ನು ತಾನೇ ಸೆರೆಹಿಡಿದ ಹೋಡಿ ಎಂದು ತಾಂಡೇಲನನ್ನು ಜೆಟ್ಟಿಯಲ್ಲಿ ಇವತ್ತಿಗೂ ಕಾಡಿಸುತ್ತಾರೆ.

ದೇಶದ ಕೆಲಸ

ಮುಂದಿನ ಯೋಜನೆಗೆ ನನ್ನ ಅಂಗಡಿಯ ಬಲೂನುಗಳೆಲ್ಲ ಖಾಲಿಯಾದವು. ಒಂದೊಂದು ಬಲೂನಿಗೆ ಉದ್ದನೆಯ ದಾರ, ದಾರದ ತುದಿಗೆ ಕಲ್ಲು, ಬಲೂನಿನ ಕೊರಳಿಗೆ ಎತ್ತಿನ ಗೆಜ್ಜೆ. ಗೆಜ್ಜೆ ಊರಿನಿಂದ ತರಿಸಿದ್ದು. ನೀರೊಳಗೆ ಸಬ್‌ಮರೀನು ಹಾದುಹೋದರೆ ದಾರ ಜಗ್ಗುತ್ತದೆ, ಗೆಜ್ಜೆ ಬಾರಿಸುತ್ತದೆ, ನಾವು ಓಡಿ ಹೋಗಿ ಹೇಳಬೇಕಾದವರಿಗೆ ಹೇಳುತ್ತೇವೆ. ಕಲ್ಲು ತಳದಲ್ಲಿ ಉರುಳುವಾಗ ಹಂಡೆಗೆ ಬಡಿದರೆ ಆ ಸದ್ದೂ ದಾರದಲ್ಲಿ ಬರಬೇಕು.

ಸಂಜೆಯ ಬಿಸಿಲಿನಲ್ಲಿ ಕೆಂಪು, ಹಳದಿ, ನೀಲಿ ಬಲೂನುಗಳು ಗೆಜ್ಜೆ ಕುಣಿಸುತ್ತ ತೇಲುವುದನ್ನು ನೋಡಿ ನಾನಂತೂ ಅಂಗಡಿ ಮರೆತೆ. ಅಷ್ಟು ಚೆಂದದ ಯುದ್ಧಸಾಮಗ್ರಿ ಯಾವ ದೇಶದಲ್ಲೂ ಇರಲಿಕ್ಕಿಲ್ಲ. ಪ್ರವಾಸಿಗಳು ಫೋಟೋ ತೆಗೆದರು. ಯಾರ ಹುಟ್ಟುಹಬ್ಬ ಎಂದು ಕೇಳಿದರು. ಕಲಂಗುಟ್ ಬೀಚಿನಲ್ಲಿ ಶ್ಯಾಕ್, ಅಂದರೆ ಚಪ್ಪರದ ಹೋಟೆಲು, ನಡೆಸುವವನೊಬ್ಬ ಫೋಟೋ ನೋಡಿ ಮೇಸ್ತ್ರಿಯ ಮನೆಗೇ ಹುಡುಕಿಕೊಂಡು ಬಂದ. ತನ್ನ ಶ್ಯಾಕಿನ ಮುಂದೆ ಹೊಸ ವರ್ಷಕ್ಕೆ ಹೀಗೇ ಕಟ್ಟಿಕೊಡಬೇಕೆಂದು ಗಂಟುಬಿದ್ದ.

ಮೇಸ್ತ್ರಿ ಎದೆಯುಬ್ಬಿಸಿ ಹೇಳಿದ: "ಆಗೂದಿಲ್ರಿ. ಇದು ಶೋಕಿ ಅಲ್ಲ. ದೇಶದ ಕೆಲಸ!"

ಒಳಗಿನಿಂದ ವೈನಿ ತುಳಸಿಗೆ ಹೇಳಿದ್ದು ಶ್ಯಾಕಿನವನಿಗೂ ಕೇಳಿತು: "ತುಳಸವ್ವಾ, ದೇಶದ ಕೆಲಸಕ್ಕ ದೇಶದ್ದ ಹಂಡೆ ಒಯ್ಯಬೇಕಿತ್ತಂತ ಹೇಳು."

ಕಾಗೆಗಳ ಪಾಠಶಾಲೆ

ಮಳೆಗಾಲ ಬಂತು. ಗಡಿಯ ಗಲಾಟೆ ಅಷ್ಟರಲ್ಲಿ ತಣ್ಣಗಾಗಿತ್ತು. ಸಮುದ್ರಕ್ಕೆ ಹೋಡಿ ಇಳಿಸುವಂತಿಲ್ಲ. ಯುದ್ಧ ಮುಗಿಯಿತಲ್ಲ ಎಂದರೆ ಮೇಸ್ತ್ರಿ, "ನಮ್ಮ ಮನ್ಯಾಗ ಇನ್ನಾ ಮುಗದಿಲ್ರಿ," ಎನ್ನುತ್ತಿದ್ದ. ಆಗ ಅವನ ಮುಖ ನೋಡಿ ನಗುವ ಮನಸ್ಸಾಗುತ್ತಿರಲಿಲ್ಲ. ಬೆಂಚಿನ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದ. ಮನೆಗೆ ಹೋಗಿ ತುಳಸಿಯ ಜೊತೆ ಎಷ್ಟೆಂದು ಮಾತಾಡುತ್ತಾನೆ?

ನೌಕಾದಳದಿಂದ ನಿವೃತ್ತರಾದವರೊಬ್ಬರು ನನ್ನಲ್ಲಿ ಅವಲಕ್ಕಿ ಒಯ್ಯುತ್ತಾರೆ, ಬೆಳಗಾವಿಯವರು. ಮೇಸ್ತ್ರಿ ತನ್ನ ಮೂರೂ ಯೋಜನೆಗಳನ್ನು ಅವರಿಗೆ ವಿವರಿಸಿದ. ಅವರು ನಗುತ್ತಾರೆಂದು ನಾನು ಕಾದೆ. ಅವರು ಕೊಡೆ ಮಡಚಿ ಬೆಂಚಿನ ಮೇಲೆ ಕೂತೇಬಿಟ್ಟರು.

"ನಗೂ ಮಾತಲ್ರಿ ಇದು," ಎಂದರು. "ಹಿಂದ ದೊಡ್ಡ ಯುದ್ಧದ ಕಾಲಕ್ಕ ದೊಡ್ಡ ದೊಡ್ಡ ದೇಶದವ್ರು ಇಂಥಾವ ನೂರಾರು ವಿಚಾರ ಮಾಡಿದ್ರು. ಸಮುದ್ರದ ಹಕ್ಕಿಗೆ ತಿನಿಸು ಹಾಕಿ, ಸಬ್‌ಮರೀನ್ ಕಂಡಲ್ಲಿ ಹೋಗಿ ಕೂಡೂದು ಕಲಸಾಕ ನೋಡಿದ್ರಂತ."

"ಕಲತವೇನ್ರಿ?"

"ತಿನ್ನೂದು ಕಲತವು."

ಮೇಸ್ತ್ರಿಗೆ ಅಷ್ಟು ಸಾಕಾಯಿತು. ಮಳೆಗಾಲದಲ್ಲಿ ಸಮುದ್ರದ ಹಕ್ಕಿ ಸಡಾಕ್ಕೆ ಬರುವುದಿಲ್ಲ, ಕಾಗೆಗಳಿಗೆ ಕೊರತೆಯಿಲ್ಲ. ತಾಮ್ರದ ಕೊಡವೊಂದನ್ನು ಫಳಫಳ ಬೆಳಗಿ, ನನ್ನ ಅಂಗಡಿಯ ಪಕ್ಕ ಬೋರಲು ಹಾಕಿ, ಅದರ ಮೇಲೆ ದಿನಾ ರೊಟ್ಟಿಯ ಚೂರು ಇಟ್ಟ. ದುಂಡಗೆ ಹೊಳೆಯುವುದನ್ನು ಕಂಡರೆ ಅದರ ಮೇಲೆ ಕೂರಬೇಕೆಂದು ಕಾಗೆಗಳಿಗೆ ಪಾಠ. ನೀರಿನ ತಳದಲ್ಲಿರುವುದು ಅವಕ್ಕೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಅದು ಮುಂದಿನ ವರ್ಗದ ಪಾಠವಂತೆ.

ಕಾಗೆಗಳು ಬಲು ಜಾಣ. ಮಳೆ ಹೊಳವಾದ ಒಂದು ಬೆಳಿಗ್ಗೆ ನಾನು ಅಂಗಡಿಯ ಹೊರಗೆ ಬಂದು ಬಿಸಿಲಿಗೆ ನಿಂತಿದ್ದೆ. ನನ್ನ ತಲೆಯ ಬಗ್ಗೆ ಇಲ್ಲಿಯವರೆಗೆ ಹೇಳಿಲ್ಲ. ಮದುವೆಯಾದ ಸ್ವಲ್ಪ ವರ್ಷಕ್ಕೇ ಅದರ ಮೇಲಿನ ಕೂದಲೆಲ್ಲ ಹೋಗಿತ್ತು. ಆ ದಿನ ಎಣ್ಣೆಯನ್ನೂ ಹಚ್ಚಿದ್ದೆ. ಮೊದಲು ಒಂದು ಕಾಗೆ ಬಂತು. ಅದರ ಹಿಂದೆ ಇಡೀ ವರ್ಗವೇ ಬಂತು. ನಾನು ಕೂಗುತ್ತ ಅಂಗಡಿಯೊಳಗೆ ಓಡಿದರೆ ಮೇಸ್ತ್ರಿ ಬೀದಿಯಲ್ಲಿ ನಿಂತು ಕುಣಿಯುತ್ತಿದ್ದ.

"ಕಲತಾವ್ರಿ ಸಾವ್ಕಾರ್ರ! ಕಲತಾವ!"

ಗಡಿಯಲ್ಲಿ ಯುದ್ಧ ನಿಂತಿತ್ತು. ನನ್ನ ತಲೆಯ ಮೇಲಿನ ದಾಳಿ ಮಾತ್ರ ಗಣೇಶ ಚೌತಿಯವರೆಗೂ ನಡೆಯಿತು.

ಎಂಟು ಕೈ

ದೀಪಾವಳಿ ಹತ್ತಿರ ಬಂತು. ವೈನಿ ಮನೆಗೆ ಸುಣ್ಣ ಹಚ್ಚಿದರು, ಒಲೆ ಸಾರಿಸಿದರು. ಒಲೆಯ ಮೇಲೆ ಹಂಡೆಯ ಜಾಗ ಖಾಲಿ ಇತ್ತು. ಹೊಸ ಹಂಡೆ ತರೋಣ ಎಂದು ಮೇಸ್ತ್ರಿ ತುಳಸಿಗೆ ಹೇಳಿ ನೋಡಿದ. "ಹೊಸಾ ಅವ್ವನ್ನೂ ತರ್ತಾನೇನು ಕೇಳು," ಎಂದು ತುಳಸಿಯ ಮೂಲಕವೇ ಉತ್ತರ ಬಂತು. ಆ ದಿನ ಮೇಸ್ತ್ರಿ ಬೆಂಚಿನ ಮೇಲೆ ಚಹಾ ಸಹ ಕುಡಿಯಲಿಲ್ಲ.

ನೀರು ತುಂಬುವ ಹಬ್ಬದ ಹಿಂದಿನ ದಿನ ಓಡಿ ಬಂದ. "ಸಾವ್ಕಾರ್ರ, ನಮ್ಮೂರಾಗ ಎಮ್ಮಿ ಕಳದ್ರ ಏನ್ ಮಾಡ್ತೀವಿ ಹೇಳ್ರಿ? ಅದರ ಜೋಡಿ ಎಮ್ಮಿ ಬಿಟ್ಟು, ಅದರ ಬೆನ್ನ ಹತ್ತತೀವಿ. ಅದೂ ಅಲ್ಲೇ ಹೊಕ್ಕೈತಿ. ಸಬ್‌ಮರೀನ್ ಹುಡುಕಾಕ ಇನ್ನೊಂದು ಸಬ್‌ಮರೀನ್ ಬಿಡಬೇಕು. ಹಂಡೆ ಹುಡುಕಾಕ..."

ಮುಂದೆ ಹೇಳದೆ ನನ್ನ ಮನೆಯ ಕಡೆ ನೋಡಿದ.

ನಮ್ಮ ಹಂಡೆ ಕೊಟ್ಟೆ. ನಮ್ಮಾಕೆ ತವರಿಗೆ ಹೋಗಿದ್ದಳು, ಇಲ್ಲದಿದ್ದರೆ ನನ್ನ ದೇಶಭಕ್ತಿ ಅಷ್ಟು ದೂರ ಹೋಗುತ್ತಿರಲಿಲ್ಲ. ಈ ಸಲ ಮೇಸ್ತ್ರಿ ಹಗ್ಗವನ್ನು ನಂಬಲಿಲ್ಲ. ಹಂಡೆಯ ಕೊರಳಿಗೆ ಕಬ್ಬಿಣದ ಬಳೆ ತೊಡಿಸಿ, ಬಳೆಗೆ ಸುತ್ತಲೂ ಕೊಕ್ಕೆ ಕೂಡಿಸಿ, ಸರಪಳಿ ಹಾಕಿ, ಸರಪಳಿಯ ಇನ್ನೊಂದು ತುದಿಯನ್ನು ಹೋಡಿಗೇ ಬಿಗಿದ.

ಹಬ್ಬದ ಬೆಳಿಗ್ಗೆ, ಹಳೆಯ ಹಂಡೆ ಬಿದ್ದ ಜಾಗದಲ್ಲೇ, ಆವತ್ತಿನ ಹಾಗೆಯೇ ಉಬ್ಬರದ ನೀರಿಗೆ ನಮ್ಮ ಹಂಡೆಯನ್ನು ಬಿಟ್ಟೆವು. ತಳದಲ್ಲಿ ಅದು ಉರುಳುತ್ತ ಹೋಯಿತು, ನಾವು ಮೇಲೆ ಅದರ ಬೆನ್ನು ಹತ್ತಿದೆವು. ಇಷ್ಟು ತಿಂಗಳು ನಾವು ನಡುನೀರಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಅದು ನೇರ ಜೆಟ್ಟಿಯ ಕಡೆ ಬಂದು, ಬಂಡೆಯ ಬುಡದ ಒಂದು ತಗ್ಗಿನಲ್ಲಿ ನಿಂತಿತು. ಮುಂದೆ ಹೋಗಲಿಲ್ಲ. ಅಮಾವಾಸ್ಯೆ ಹತ್ತಿರವಿತ್ತು, ಇಳಿತದಲ್ಲಿ ನೀರು ಬಹಳ ಕೆಳಗೆ ಹೋಗುತ್ತದೆ ಎಂದು ತಾಂಡೇಲ ಹೇಳಿದ. ಸಂಜೆ ಬಿಸಿಲು ಬಾಡುವವರೆಗೆ ಕಾದೆವು.

ಅಷ್ಟರಲ್ಲಿ ಜೆಟ್ಟಿಯ ಮೇಲೆ ವೈನಿ ಬಂದು ನಿಂತಿದ್ದರು. ಕೈಯಲ್ಲಿ ಹಿಂಡಲಕಾಯಿ ಬಳ್ಳಿ. ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ತುಳಸಿಯಂತೂ ಅಲ್ಲ.

ತಾಂಡೇಲ ಸರಪಳಿ ಎಳೆದ. ನಮ್ಮ ಹಂಡೆ ಮೇಲೆ ಬಂತು, ಎರಡು ನೆಗ್ಗು ಬಿದ್ದಿತ್ತು. ಅದರ ಕೊಕ್ಕೆಗೆ ಪಾಚಿ ಹಿಡಿದ ಹಗ್ಗವೊಂದು ಸಿಕ್ಕಿಕೊಂಡಿತ್ತು. ಆ ಗಂಟು ಮೇಸ್ತ್ರಿಯದೇ ಎಂದು ನನಗೂ ಗುರುತು ಸಿಕ್ಕಿತು. ಮೇಸ್ತ್ರಿ ಕೊಕ್ಕೆ ಬಿಡಿಸಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಮೊಳ ಎಳೆದ. ಮಣ್ಣು ಮೆತ್ತಿದ ದುಂಡನೆಯ ಅಂಚು ನೀರಿನ ಮೇಲೆ ಬಂತು. ಮೇಸ್ತ್ರಿಯ ಮುಖ ಅರಳಿತು, ಕಣ್ಣು ಅರಳಿದವು, ಭುಜ ಮೇಲೇರಿದವು. ನನಗೆ ಗೊತ್ತಾಗಿಹೋಯಿತು. ಅವನ ಕೈ ಹಿಡಿಯಲು ಮುಂದೆ ಬಾಗಿದೆ.

ಜೆಟ್ಟಿಯ ಮೇಲಿನಿಂದ ಕೂಗು ಬಂತು.

"ರೀ! ಕೈ ಎತ್ತಬ್ಯಾಡ್ರೀ!"

ಬೇಸಿಗೆಯಿಂದ ಮಾತು ಬಿಟ್ಟಿದ್ದ ಹೆಂಡತಿ ಗಂಡನಿಗೆ ಆಡಿದ ಮೊದಲ ಮಾತು ಅದು. ಮೇಸ್ತ್ರಿ ಕಲ್ಲಿನಂತೆ ನಿಂತ. ಹಗ್ಗ ಮಾತ್ರ ಬಿಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಎತ್ತೂದಿಲ್ಲಾ!" ಎಂದ, ನೇರವಾಗಿ ವೈನಿಗೇ.

ಮೂವರೂ ಸೇರಿ ಹಂಡೆಯನ್ನು ಹೋಡಿಯೊಳಗೆ ಎಳೆದು ನೆಟ್ಟಗೆ ನಿಲ್ಲಿಸಿ ಜೆಟ್ಟಿಗೆ ತಂದೆವು. ಕಂಠದವರೆಗೆ ನೀರು ತುಂಬಿಕೊಂಡಿತ್ತು. ವೈನಿ ಬಗ್ಗಿ ಅಂಚನ್ನು ಮುಟ್ಟಿ ನೋಡಿದರು, ಸೆರಗಿನಿಂದ ಒರೆಸಿದರು. "ತುಂಬೂ ಹೊತ್ತು ಇನ್ನಾ ಆಗಿಲ್ಲ, ನಮ್ಮವ್ವನ ಹಂಡೆ ತಾನ ತುಂಬಕೊಂಡು ಬಂದೈತಿ ನೋಡ್ರಿ," ಎಂದು ನಕ್ಕರು.

ಅಷ್ಟರಲ್ಲಿ ಹಂಡೆಯ ನೀರು ಅಲುಗಾಡಿತು. ಮಳೆಗಾಲವೆಲ್ಲ ಅದರೊಳಗೆ ಸಂಸಾರ ಹೂಡಿದ್ದ ಒಂದು ಆಕ್ಟೋಪಸ್ ಅಂಚಿನಿಂದ ಮೆಲ್ಲಗೆ ಇಣುಕಿತು. ನಮ್ಮನ್ನೆಲ್ಲ ನೋಡಿತು. ಒಂದೊಂದಾಗಿ ತನ್ನ ಎಲ್ಲ ಕೈಗಳನ್ನೂ ಮೇಲೆತ್ತಿತು.

ತಾಂಡೇಲ "ದೇವಾ ರೇ" ಎಂದ. ಮೇಸ್ತ್ರಿ ಹಗ್ಗ ಬಿಡದೆಯೇ ಸೆಟೆದು ನಿಂತು ನನ್ನ ಕಡೆ ತಿರುಗಿದ.

"ಸಾವ್ಕಾರ್ರ, ನೀವ ಸಾಕ್ಷಿ. ವೈರಿ ಶರಣಾಗ್ಯಾನ. ಎಂಟೂ ಕೈ ಎತ್ಯಾನ!"